ಆಟ ತಡವರಿಸಿದರೆ ಹೊಸ ಲ್ಯಾಪ್‌ಟಾಪೇ ಬೇಕೆ?

ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ, ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಂಥ ಊರಿನಲ್ಲಿ ಸೆಕೆಯೂ ಮಕ್ಕಳ ಕಂಪ್ಯೂಟರ್ ಆಟವೂ ಒಟ್ಟಿಗೇ ಏರುತ್ತವೆ. ಕಾರು ಓಟದ ಆಟ ಶುರುವಾಗಿ ಕಾಲು ಗಂಟೆ ಆಗಿರುವುದಿಲ್ಲ, ಪರದೆಯ ಮೇಲಿನ ಕಾರು ತಡವರಿಸತೊಡಗುತ್ತದೆ. 'ಇದು ಹಳತಾಯಿತು, ಹೊಸದು ಕೊಡಿಸಿ' ಎಂಬ ಅರ್ಜಿ ಅಪ್ಪನ ಮುಂದೆ ಬರುತ್ತದೆ. ಹತ್ತಾರು ಸಾವಿರ ರೂಪಾಯಿಯ ಮಾತು. ಹಣ ಎಣಿಸುವ ಮೊದಲು ಕಾಯಿಲೆ ಯಾವುದೆಂದು ನೋಡುವುದು ಮೇಲು.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅವೆಲ್ಲ ಮೊದಲೇ ಸಿದ್ಧವಾದವು. ಆಟದ ಪ್ರತಿ ಚಿತ್ರವನ್ನು, ಅಂದರೆ ಫ್ರೇಮನ್ನು, ಯಂತ್ರ ಆ ಕ್ಷಣದಲ್ಲೇ ಬರೆಯಬೇಕು. ಸೆಕೆಂಡಿಗೆ 60 ಫ್ರೇಮು ಬಂದರೆ ಆಟ ಸರಾಗ. 30ಕ್ಕಿಂತ ಕೆಳಗಿಳಿದರೆ ಎಡವಿದಂತೆ ಕಾಣುತ್ತದೆ.

ಆಟ ಮೊದಲು ಚೆನ್ನಾಗಿ ಓಡಿ ಆಮೇಲೆ ನಿಧಾನವಾಗುತ್ತದೆಯೇ? ಹಾಗಿದ್ದರೆ ಮೊದಲ ಸಂಶಯ ಬಿಸಿಯ ಮೇಲೆ. ಒಳಗಿನ ಪ್ರೊಸೆಸರ್ 95-100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ, ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಮ್ಮ ಕಡೆಯ ಸೆಕೆಗೆ ಕೋಣೆಯ ಗಾಳಿಯೇ ಬೆಚ್ಚಗಿರುತ್ತದೆ. ಸಾಲದ್ದಕ್ಕೆ ಕೆಂಪು ಮಣ್ಣಿನ ಧೂಳು ಗಾಳಿಕಂಡಿಯಲ್ಲಿ ಕೂರುತ್ತದೆ. ಹಾಸಿಗೆಯ ಮೇಲಿಟ್ಟು ಆಡಿದರೆ ಕೆಳಗಿನ ಕಂಡಿಯೂ ಮುಚ್ಚಿತು! ಗಟ್ಟಿ ಮೇಜಿನ ಮೇಲಿಟ್ಟು, ಕಂಡಿ ಮುಚ್ಚದಂತೆ ಹಿಂಬದಿಯನ್ನು ಒಂದು ಪುಸ್ತಕದಷ್ಟು ಎತ್ತರಿಸಿದರೂ ವ್ಯತ್ಯಾಸ ಕಾಣಬಹುದು. ಎರಡು ಮೂರು ವರ್ಷ ಹಳೆಯದಾದರೆ ರಿಪೇರಿಯವರಲ್ಲಿ ಫ್ಯಾನಿನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ಹೊಸ ಯಂತ್ರದ ಬೆಲೆಯ ಮುಂದೆ ಈ ಖರ್ಚು ಏನೇನೂ ಅಲ್ಲ. ವಾರಂಟಿ ಮುಗಿಯದಿದ್ದರೆ ಮಾತ್ರ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳದೆ ಬಿಚ್ಚಿಸಬೇಡಿ.

ಮೊದಲಿನಿಂದಲೇ ನಿಧಾನವೆಂದಾದರೆ ಬೇರೆ ಕಡೆ ನೋಡಬೇಕು. ಚಾರ್ಜರ್ ಹಾಕಿದೆಯೇ? ಬ್ಯಾಟರಿಯಲ್ಲಿ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಶಕ್ತಿ ಉಳಿಸಲು ವೇಗ ಇಳಿಸುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಆಟ ಕುಂಟುವುದು ಇದಕ್ಕೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದು, ಆಟ ಸಣ್ಣದರಲ್ಲೇ ಓಡುತ್ತಿರಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆ ಆಟಕ್ಕೆ 'ಹೈ ಪರ್ಫಾರ್ಮೆನ್ಸ್' ಆರಿಸಿದರಾಯಿತು.

ಇನ್ನೂ ಸಾಲದಿದ್ದರೆ ಆಟದೊಳಗೆ ರೆಸಲ್ಯೂಶನ್ ಇಳಿಸಿ. 1920×1080 ಎಂದರೆ ಒಂದೊಂದು ಫ್ರೇಮಿಗೂ 20,73,600 ಚುಕ್ಕಿಗಳು. 1280×720ಕ್ಕೆ ಇಳಿದರೆ 9,21,600, ಅರ್ಧಕ್ಕಿಂತ ಕಡಿಮೆ ಕೆಲಸ. ಚಿತ್ರ ತುಸು ಮಸುಕಾದೀತು. ನೆರಳಿನ ಗುಣಮಟ್ಟವನ್ನೂ ತಗ್ಗಿಸಬಹುದು. ಕಾರು ಓಡಿಸುವವನು ಮರದ ನೆರಳು ನೋಡುತ್ತ ಕೂರುವುದಿಲ್ಲವಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದೇ ರ್‍ಯಾಮ್ ಪಟ್ಟಿಯಿದ್ದು ಇನ್ನೊಂದಕ್ಕೆ ಜಾಗ ಖಾಲಿಯಿದ್ದರೆ, ಅದೇ ಬಗೆಯ ಎರಡನೆಯದನ್ನು ಹಾಕಿಸಬಹುದು. ಫ್ರೇಮು ಹೆಚ್ಚುತ್ತದೆ, ಜೂನ್‌ನಲ್ಲಿ ಕಾಲೇಜು ತೆರೆದಾಗ ಪ್ರಾಜೆಕ್ಟ್ ಕೆಲಸಕ್ಕೂ ಆಗುತ್ತದೆ.