ಬೋರ್ನಿಯೋ: ಮಹಡಿ ಮಹಡಿಗೂ ಒಂದೊಂದು ಹೊಟ್ಟೆಪಾಡು

ಹೊತ್ತು ಮುಳುಗಿ ಸ್ವಲ್ಪ ಸಮಯ. ಹಗಲೆಲ್ಲ ಮರದ ಕಾಂಡಕ್ಕೆ ತೊಗಟೆಯಂತೆ ಅಂಟಿಕೊಂಡಿದ್ದ ಬೂದುಬಣ್ಣದ ಪ್ರಾಣಿಯೊಂದು ಮಿಸುಕುತ್ತದೆ. ನಾಲ್ಕೂ ಕಾಲುಗಳಿಂದ ತಬ್ಬಿ, ಕುಪ್ಪಳಿಸುತ್ತ ತುದಿಗೆ ಏರುತ್ತದೆ. ಹೊಟ್ಟೆಗೆ ಮರಿ ಕಚ್ಚಿಕೊಂಡಿದೆ. ಒಮ್ಮೆ ಕತ್ತು ತಿರುಗಿಸಿ ನೋಡಿ, ಕಾಲು ಚಾಚಿ ಜಿಗಿಯುತ್ತದೆ. ಕತ್ತಿನಿಂದ ಬೆರಳ ತುದಿಯವರೆಗೆ, ಅಲ್ಲಿಂದ ಬಾಲದ ಕೊನೆಯವರೆಗೆ ಹಬ್ಬಿದ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ನೂರು ಮೀಟರಿಗೂ ಹೆಚ್ಚು ದೂರ ತೇಲಿ ಮತ್ತೊಂದು ಮರವನ್ನು ಹಿಡಿಯಬಲ್ಲ ಈ ಪ್ರಾಣಿಯೇ ಕೊಲುಗೊ. ವಾನರ ಕುಲಕ್ಕೆ ತೀರ ಹತ್ತಿರದ ನೆಂಟ.

ಕೊಲುಗೊ ಬಾಳುವ ಬೋರ್ನಿಯೋ ಜಗತ್ತಿನ ಮೂರನೆಯ ದೊಡ್ಡ ದ್ವೀಪ. ವಿಸ್ತೀರ್ಣ ಸುಮಾರು 7.4 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಹೆಚ್ಚುಕಡಿಮೆ ನಾಲ್ಕರಷ್ಟು. ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ ಈ ನೆಲವನ್ನು ಹಂಚಿಕೊಂಡಿವೆ. ಇಲ್ಲಿ 220ಕ್ಕೂ ಹೆಚ್ಚು ಜಾತಿಯ ಸಸ್ತನಿಗಳಿವೆ. ಅವುಗಳಲ್ಲಿ 90ಕ್ಕೂ ಹೆಚ್ಚು ಬಾವಲಿಗಳು. 40ಕ್ಕೂ ಹೆಚ್ಚು ಜಾತಿಗಳು ಬೋರ್ನಿಯೋ ಬಿಟ್ಟು ಬೇರೆಲ್ಲೂ ಕಾಣಸಿಗುವುದಿಲ್ಲ.

ನಡುಗಡಲಿನ ದ್ವೀಪಕ್ಕೆ ಕರಡಿ, ಘೇಂಡಾಮೃಗಗಳು ಹೇಗೆ ಬಂದವು? ನಡೆದೇ ಬಂದವು. ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಬೋರ್ನಿಯೋ, ಸುಮಾತ್ರಾ, ಜಾವಾಗಳು ಏಷ್ಯಾದ ನೆಲಕ್ಕೆ ಅಂಟಿಕೊಂಡಿದ್ದವು. ಹಿಮ ಕರಗಿ ಕಡಲು ಏರಿದಾಗ ಪ್ರಾಣಿಗಳು ಇದ್ದಲ್ಲೇ ಉಳಿದವು. ಪೂರ್ವಕ್ಕಿರುವ ಮಕಾಸ್ಸರ್ ಜಲಸಂಧಿ ಮಾತ್ರ ಆಳವಾದದ್ದು, ಹಿಮಯುಗದಲ್ಲೂ ಬತ್ತಲಿಲ್ಲ. ಆಚೆ ದಡದ ಸುಲಾವೆಸಿಯಲ್ಲಿ ಹೊಟ್ಟೆಚೀಲದ ಕಸ್ಕಸ್‌ಗಳಿವೆ, ಈಚೆ ಅವು ಇಲ್ಲ. 1850ರ ದಶಕದಲ್ಲಿ ಬೋರ್ನಿಯೋದ ಸರವಾಕ್‌ನಲ್ಲಿದ್ದು, ಮುಂದೆ ಈ ದ್ವೀಪಗಳನ್ನೆಲ್ಲ ಸುತ್ತಿದ ಆಲ್ಫ್ರೆಡ್ ರಸೆಲ್ ವಾಲೇಸ್ ಈ ವ್ಯತ್ಯಾಸವನ್ನು ಗುರುತಿಸಿದರು. ಆ ಗಡಿಗೆ ಇಂದಿಗೂ ವಾಲೇಸ್ ರೇಖೆ ಎಂದೇ ಹೆಸರು.

ಹಸಿರಿದೆ, ಹಣ್ಣಿಲ್ಲ

ಕಣ್ಣು ಹಾಯಿಸಿದಷ್ಟೂ ಹಸಿರಿರುವ ಬೋರ್ನಿಯೋದ ಕಾಡಿನಲ್ಲಿ ತಿನ್ನುವುದಕ್ಕೆ ಬರ. ಎತ್ತರದ ಮರಗಳಲ್ಲಿ ಬಹುಪಾಲು ಡಿಪ್ಟೆರೋಕಾರ್ಪ್ ಕುಟುಂಬದವು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಇದೇ ಕುಟುಂಬದ್ದು. ದ್ವೀಪದ ಸಬಾ ರಾಜ್ಯದ ಡಾನಮ್ ಕಣಿವೆಯಲ್ಲಿ ಇಂಥದೊಂದು ಮರ 100.8 ಮೀಟರ್ ಎತ್ತರ ಬೆಳೆದಿರುವುದನ್ನು 2019ರಲ್ಲಿ ಪ್ರಕಟಿಸಲಾಯಿತು. ಈ ಮರಗಳು ವರ್ಷವರ್ಷವೂ ಕಾಯಿ ಬಿಡುವುದಿಲ್ಲ. ಹಲವು ವರ್ಷ ಸುಮ್ಮನಿದ್ದು, ಒಮ್ಮೆ ಇಡೀ ಕಾಡೇ ಒಟ್ಟಿಗೆ ಹೂಬಿಡುತ್ತದೆ. ಬಿದಿರಿಗೆ ಕಟ್ಟೆ ಬಂದಂತೆ. ಆದರೆ ಬಿದಿರಿನ ಹಾಗೆ ಇವು ಸಾಯುವುದಿಲ್ಲ. ಎಲ್ಲ ಮರಗಳೂ ಒಟ್ಟಿಗೆ ಬೀಜ ಸುರಿಸಿದರೆ ಇಲಿ, ಹಂದಿಗಳು ಎಷ್ಟು ತಿಂದರೂ ಒಂದಷ್ಟು ಬೀಜ ಉಳಿದು ಮೊಳೆಯುತ್ತವೆ.

ಮರಕ್ಕೆ ಲಾಭವಾದದ್ದು ಪ್ರಾಣಿಗೆ ಪರೀಕ್ಷೆ. ಗಡ್ಡದ ಹಂದಿಗಳು ಕಾಯಿ ಬಿದ್ದ ಕಡೆಗೆ ಹಿಂಡುಹಿಂಡಾಗಿ ವಲಸೆ ಹೋಗುತ್ತವೆ. ಒರಾಂಗುಟಾನ್ ಸುಗ್ಗಿಯಲ್ಲಿ ತಿಂದು ಕೊಬ್ಬು ಕೂಡಿಡುತ್ತದೆ, ಬರಗಾಲದಲ್ಲಿ ತೊಗಟೆ, ಎಲೆ ಜಗಿಯುತ್ತದೆ. ಗುನುಂಗ್ ಪಾಲುಂಗ್ ಎಂಬ ಕಾಡಿನಲ್ಲಿ ಹಣ್ಣಿಲ್ಲದ ತಿಂಗಳುಗಳಲ್ಲಿ ಇವುಗಳ ಮೂತ್ರ ಪರೀಕ್ಷಿಸಿದ ವಿಜ್ಞಾನಿಗಳಿಗೆ ಅದರಲ್ಲಿ ಕೀಟೋನ್ ಸಿಕ್ಕಿತು. ಅಂದರೆ ಮೈಯ ಕೊಬ್ಬನ್ನೇ ಉರಿಸಿ ಅವು ದಿನ ದೂಡುತ್ತಿದ್ದವು. ಹೆಣ್ಣು ಏಳೆಂಟು ವರ್ಷಕ್ಕೊಂದೇ ಮರಿ ಹಾಕುತ್ತದೆ.

ಉಳಿದ ಪ್ರಾಣಿಗಳು ಕಾಡಿನ ಮಹಡಿ ಮಹಡಿಗಳಲ್ಲಿ ತಮ್ಮ ತಮ್ಮ ದಾರಿ ಕಂಡುಕೊಂಡಿವೆ. ಮೇಲ್ಚಪ್ಪರದಲ್ಲಿ ಕೊಲುಗೊ ಮತ್ತು 14 ಬಗೆಯ ಹಾರುವ ಅಳಿಲುಗಳು. ಈ ಅಳಿಲುಗಳು ಮಲೆನಾಡಿನ ಹಾರುಬೆಕ್ಕಿನ ಬಳಗ. ಆಹಾರ ದೂರದೂರ ಚದುರಿರುವಾಗ ಇಳಿದು ಹತ್ತುವುದಕ್ಕಿಂತ ತೇಲಿಹೋಗುವುದು ಲೇಸು. ಕೊಂಬೆಗಳ ನಡುವೆ ನಮ್ಮ ಕಾಡುಪಾಪದ ದಾಯಾದಿ ಸ್ಲೋ ಲೋರಿಸ್ ಇರುಳಲ್ಲಿ ಮೆಲ್ಲಗೆ ತೆವಳುತ್ತದೆ. ಮೊಣಕೈ ಬಳಿಯ ಗ್ರಂಥಿಯ ರಸವನ್ನು ನೆಕ್ಕಿ ಕಚ್ಚಿದರೆ ಅದು ವಿಷದ ಕಡಿತ. ನದಿದಡದ ಕಾಂಡ್ಲಾ ಕಾಡಿನಲ್ಲಿ ಉದ್ದ ಮೂಗಿನ ಪ್ರೊಬೊಸಿಸ್ ಮಂಗ ಎಲೆ ತಿಂದು, ಒಮ್ಮೊಮ್ಮೆ ದನದಂತೆ ಮೆಲುಕು ಹಾಕುತ್ತದೆ. ನೀರಿಗೆ ಧುಮುಕಿ ಈಜುತ್ತದೆ. ದ್ವೀಪದಲ್ಲಿ ಹುಲಿ ಈಗಿಲ್ಲ. ಬೆಕ್ಕಿನ ಕುಲದಲ್ಲಿ ಇಲ್ಲಿ ಎಲ್ಲಕ್ಕಿಂತ ದೊಡ್ಡದು ಮೋಡಚಿರತೆ.

ಗಿಡದ ಹೂಜಿಯೊಳಗೆ

ಇನ್ನೊಂದು ಹೊಟ್ಟೆಪಾಡನ್ನು ಹತ್ತಿರದಿಂದ ನೋಡಬೇಕು. ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುವ ಹೂಜಿಗಿಡಗಳು ಸಾಮಾನ್ಯವಾಗಿ ಹುಳು ಹಿಡಿದು ಅರಗಿಸಿಕೊಳ್ಳುತ್ತವೆ. ನೆಪೆಂಥಿಸ್ ಹೆಮ್ಸ್‌ಲೆಯಾನಾ ಎಂಬ ಹೂಜಿಗಿಡದ ಪದ್ಧತಿ ಬೇರೆ. ಅದರ ಉದ್ದನೆಯ ಹೂಜಿಯಲ್ಲಿ ರಸ ತಳದಲ್ಲಷ್ಟೇ ಇರುತ್ತದೆ. ಅದರ ಮೇಲೆ ತಲೆಕೆಳಗಾಗಿ ತೂರಿಕೊಂಡು ಪುಟ್ಟದೊಂದು ಉಣ್ಣೆಬಾವಲಿ ಹಗಲಿಡೀ ನಿದ್ದೆ ಮಾಡುತ್ತದೆ. ಹೂಜಿಯ ಹಿಂಬದಿಯ ಗೋಡೆ ಬಾವಲಿಯ ಕೂಗನ್ನು ಚೆನ್ನಾಗಿ ಪ್ರತಿಧ್ವನಿಸುವಂತೆ ರೂಪುಗೊಂಡಿದೆ. ಗಿಜಿಗುಡುವ ಹಸಿರಿನ ನಡುವೆ ಬಾವಲಿಗೆ ಮನೆ ಸಿಗುವುದು ಹಾಗೆ. ಬಾವಲಿಗೆ ತಂಪಾದ ತಾವು, ಗಿಡಕ್ಕೆ ಹಿಕ್ಕೆಯ ಗೊಬ್ಬರ. ಎಲೆಯ ಸಾರಜನಕದಲ್ಲಿ ಸರಾಸರಿ ಮೂರನೆಯ ಒಂದು ಪಾಲು ಬಾವಲಿಯಿಂದ ಬಂದದ್ದೆಂದು 2011ರ ಅಧ್ಯಯನ ತೋರಿಸಿತು. ಕಿನಬಾಲು ಬೆಟ್ಟದಲ್ಲಿ ಮರಮೂಗಿಲಿ ಇನ್ನೊಂದು ಹೂಜಿಯ ಮುಚ್ಚಳದ ಸಿಹಿ ನೆಕ್ಕುತ್ತ, ಕುಳಿತಲ್ಲೇ ಹೂಜಿಯೊಳಗೆ ಹಿಕ್ಕೆ ಹಾಕುತ್ತದೆ.

ಇಂಥ ಒಪ್ಪಂದಗಳು ನಿಂತಿರುವುದು ಕಾಡಿನ ಮೇಲೆ. 1973ರಲ್ಲಿ ಬೋರ್ನಿಯೋದ ಮುಕ್ಕಾಲು ಭಾಗ ಹಳೆಯ ಕಾಡಿತ್ತು. 2015ರ ಹೊತ್ತಿಗೆ ಅಂಥ ಕಾಡು ಉಳಿದದ್ದು ದ್ವೀಪದ ಸರಿಸುಮಾರು ಅರ್ಧದಲ್ಲಿ. ನಾಟಾ ಕಡಿತ, ಬೆಂಕಿ, ತಾಳೆಎಣ್ಣೆಯ ತೋಟಗಳು ಇಲ್ಲವಾದದ್ದನ್ನು ತಿಂದಿವೆ. 1999ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವೆಂಬುದು ಸಂಶೋಧಕರ ಅಂದಾಜು. ಬೇಟೆಯ ಪಾಲೂ ಅದರಲ್ಲಿದೆ. 2019ರ ನವೆಂಬರ್‌ನಲ್ಲಿ ಇಮಾನ್ ಎಂಬ ಹೆಣ್ಣು ಸಾಯುವುದರೊಂದಿಗೆ ಮಲೇಷ್ಯಾದಲ್ಲಿ ಸುಮಾತ್ರಾ ಘೇಂಡಾಮೃಗದ ಕುಲ ಮುಗಿಯಿತು.

ಕಿನಬಟಾಂಗನ್ ನದಿಯ ಬಯಲಿನಲ್ಲಿ ತೋಟಗಳ ನಡುವೆ ಕಾಡಿನ ಚೂರುಗಳಷ್ಟೇ ಉಳಿದಿವೆ. ಈಜಲಾರದ ಒರಾಂಗುಟಾನ್‌ಗಳಿಗಾಗಿ ಅಲ್ಲಿ ಉಪನದಿಗಳ ಮೇಲೆ ಅಗ್ನಿಶಾಮಕ ದಳದ ಹಳೆಯ ಪೈಪುಗಳಿಂದ ತೂಗುಸೇತುವೆ ಕಟ್ಟಲಾಗಿದೆ. ಅವು ಅದನ್ನು ದಾಟುತ್ತವೆ. ಆದರೆ ಸೇತುವೆ ದಾಟಿದ ಮೇಲೆ ಆಚೆ ದಡದಲ್ಲೂ ಕಾಡಿರಬೇಕು. ಜಗತ್ತಿನಲ್ಲಿ ತಾಳೆಎಣ್ಣೆಯನ್ನು ಎಲ್ಲರಿಗಿಂತ ಹೆಚ್ಚು ತರಿಸಿಕೊಳ್ಳುವ ದೇಶ ಭಾರತ. ಬೇಕರಿಯ ಬಿಸ್ಕತ್ತು, ಕರಿದ ತಿಂಡಿ, ಮೈಸೋಪುಗಳ ಮೂಲಕ ಅದು ನಮ್ಮ ಮನೆಗೂ ಬರುತ್ತದೆ. ಹೊಸ ಕಾಡು ಕಡಿಯದೆ ಬೆಳೆದ ಎಣ್ಣೆಯನ್ನೇ ಕೊಡಿ ಎಂದು ಕೇಳಬೇಕಾದ ಗಿರಾಕಿಗಳಲ್ಲಿ ಈ ಬರಹದ ಓದುಗರೂ ಸೇರಿದ್ದಾರೆ.