ಕೊಳ್ಳಿದೆವ್ವದ ಬೆಳಕು

ಇರುಳಿನಲ್ಲಿ ಜವುಗು ನೆಲದ ಮೇಲೆ ತೇಲುವ ಬೆಳಕನ್ನು ನಮ್ಮ ಹಿರಿಯರು ಕೊಳ್ಳಿದೆವ್ವವೆಂದು ಕರೆದರು. ದಿಬ್ಬಗಳೊಳಗೆ ಟ್ರೋಲ್ ಎಂಬ ಭೂತಗಳು ವಾಸಿಸುವುವೆಂದು ನಂಬಿದ್ದ ಡೆನ್ಮಾರ್ಕಿನ ಹಳ್ಳಿಗರು ಅದನ್ನು ‘ಲಾಂದ್ರದ ಮನುಷ್ಯ’ ಎಂದರು. ಎರಡು ನಾಡುಗಳಲ್ಲಿಯೂ ಈ ಬೆಳಕಿನ ನೆಲೆ ಜವುಗು ಭೂಮಿಯೇ.

ಫರಂಗಿಪೇಟೆಯ ಬಳಿ, ನೇತ್ರಾವತಿಯ ದಂಡೆಯಲ್ಲಿ ನಿಂತ ನೀರಿನ ತಳವನ್ನು ಕೋಲಿನಿಂದ ಕದಡಿ ನೋಡಿರಿ; ಗುಳ್ಳೆಗಳೇಳಬಹುದು. ಕೆಸರಿನಲ್ಲಿ ಹೂತ ಎಲೆ, ಹುಲ್ಲುಗಳನ್ನು ಸೂಕ್ಷ್ಮಜೀವಿಗಳು ಗಾಳಿಯ ಸಂಪರ್ಕವಿಲ್ಲದೆ ಕೊಳೆಯಿಸುವಾಗ ಹುಟ್ಟುವ ಮೀಥೇನ್ ಅನಿಲವು ಅವುಗಳಲ್ಲಿರುತ್ತದೆ. 1776ರಲ್ಲಿ ಇಟಲಿಯ ವೋಲ್ಟಾ ಮಾಜ್ಜೋರೆ ಸರೋವರದಲ್ಲಿ ಹೀಗೆಯೇ ಅದನ್ನು ಸಂಗ್ರಹಿಸಿ, ಅದು ಉರಿಯುವುದೆಂದು ತೋರಿಸಿದನು.

ಆದರೆ ಮೀಥೇನ್ ತಾನಾಗಿ ಹೊತ್ತಿಕೊಳ್ಳಲು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಉಷ್ಣತೆ ಬೇಕು. ಹಾಗಾದರೆ ಕೊಳ್ಳಿ ಹಚ್ಚಿದವರಾರು? ಫಾಸ್ಫರಸ್ಸಿನ ಸಂಯುಕ್ತಗಳೆಂದು ಹಿಂದೆ ಊಹಿಸಿದ್ದರು. ಅವು ಉರಿದರೆ ಬಿಳಿಯ ಹೊಗೆಯೇಳಬೇಕು. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಝಾರೆ ಮತ್ತು ಸಂಗಡಿಗರು, ನೀರಿನಲ್ಲಿ ಮೇಲೇರುವ ಮೀಥೇನಿನ ಸೂಕ್ಷ್ಮ ಗುಳ್ಳೆಗಳ ನಡುವೆ ಕಿರುಮಿಂಚು ಹಾರುವುದನ್ನು ಪ್ರಯೋಗಶಾಲೆಯಲ್ಲಿ ಕಂಡರು. ಆ ಕಿಡಿಯಿಂದ ಮೀಥೇನ್ ನಸುಬೆಳಕು ಬೀರುತ್ತ ಉತ್ಕರ್ಷಣ ಹೊಂದುತ್ತದೆ. ಇದನ್ನು ಗದ್ದೆಯ ಕೆಸರಿನಲ್ಲಿಯೇ ಪರೀಕ್ಷಿಸುವ ಕೆಲಸ ತರುಣರಿಗೆ ಉಳಿದಿದೆ.

ಆ ಬೆಳಕನ್ನು ಹಿಂಬಾಲಿಸಬಾರದೆಂಬ ಅಜ್ಜಿಯ ಮಾತು ಇಂದಿಗೂ ಸರಿಯೇ: ಅದು ಕಾಣುವೆಡೆ ಕೆಸರು ಆಳವಾಗಿರಬಹುದು.