ಕೊಲಾಬಾದ ಮತ, ಕುರ್ಲಾದ ಮತ

ಮುಂಬಯಿ ಊರು ಒಂದೇ, ಸರ್ಕಾರದ ಲೆಕ್ಕದಲ್ಲಿ ಎರಡು ಜಿಲ್ಲೆ. ಕೊಲಾಬಾದಿಂದ ಮಾಹಿಮ್, ಸಯನ್‌ವರೆಗಿನದು ಮುಂಬಯಿ ನಗರ. ಬಾಂದ್ರಾ, ಕುರ್ಲಾದಿಂದಾಚೆ ದಹಿಸರ್, ಮುಲುಂಡ್‌ವರೆಗಿನದು 1990ರಲ್ಲಿ ಬೇರೆಯಾದ ಉಪನಗರ ಜಿಲ್ಲೆ. ಮಹಾನಗರ ಪಾಲಿಕೆ ಎರಡಕ್ಕೂ ಒಂದೇ. ಆದರೆ 2004ರ ವಿಧಾನಸಭಾ ಚುನಾವಣೆಯವರೆಗೂ ಇಲ್ಲೊಂದು ವಿಚಿತ್ರ ಲೆಕ್ಕ ನಡೆದಿತ್ತು. ನಗರಕ್ಕೆ 17 ಶಾಸಕರು, ಉಪನಗರಕ್ಕೂ 17. 2001ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 33.38 ಲಕ್ಷ, ಉಪನಗರದ್ದು 86.40 ಲಕ್ಷ. ಭಾಗಿಸಿ ನೋಡಿ: ನಗರದಲ್ಲಿ ಸುಮಾರು ಎರಡು ಲಕ್ಷ ಜನಕ್ಕೊಬ್ಬ ಶಾಸಕ, ಉಪನಗರದಲ್ಲಿ ಐದು ಲಕ್ಷಕ್ಕೊಬ್ಬ. ನಗರದ ಬಟ್ಟೆ ಗಿರಣಿಗಳು ಮುಚ್ಚಿದವು, ಜನ ಉತ್ತರಕ್ಕೆ ಸರಿದರು, ಕ್ಷೇತ್ರಗಳ ನಕ್ಷೆ ಮಾತ್ರ ಕದಲಲಿಲ್ಲ. ಕುರ್ಲಾದವನ ಮತ ಕೊಲಾಬಾದವನ ಮತದ ಅರ್ಧದಷ್ಟೂ ತೂಗುತ್ತಿರಲಿಲ್ಲ.

2008ರ ಪುನರ್ವಿಂಗಡಣೆಯಲ್ಲಿ ನಗರಕ್ಕೆ 10, ಉಪನಗರಕ್ಕೆ 26 ಸ್ಥಾನಗಳಾದವು. 2011ರ ಜನಗಣತಿಯ ಪ್ರಕಾರ ಈಗ ನಗರದಲ್ಲಿ ಸರಾಸರಿ 3.1 ಲಕ್ಷಕ್ಕೊಬ್ಬ ಶಾಸಕ, ಉಪನಗರದಲ್ಲಿ 3.6 ಲಕ್ಷಕ್ಕೊಬ್ಬ. ಅನ್ಯಾಯ ಬಹುಮಟ್ಟಿಗೆ ತೊಲಗಿತು.

ಗಡಿ ಸರಿಹೋಯಿತು, ಎಣಿಕೆ ಹಳೆಯದೇ ಉಳಿಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಉಪನಗರದ ಮುಂಬಯಿ ವಾಯವ್ಯ ಕ್ಷೇತ್ರದಲ್ಲಿ ರವೀಂದ್ರ ವಾಯ್ಕರ್ ಗೆದ್ದದ್ದು 48 ಮತಗಳಿಂದ. ಸೋತ ಅಮೋಲ್ ಕೀರ್ತಿಕರ್ ಪಡೆದಿದ್ದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಒಬ್ಬ ಪ್ರತಿನಿಧಿಯೂ ಹುಟ್ಟಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಕ್ಷೇತ್ರ, ಒಂದು ಕುರ್ಚಿ ಎಂಬ ನಿಯಮದ ಫಲವಿದು.

ಎಣಿಸುವ ನಿಯಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನಲ್ಲಿ, ಒಬ್ಬರೇ ಅಭ್ಯರ್ಥಿಯ ಮೇಲೆ, ಗೊತ್ತಿಲ್ಲದೆಯೇ ಒಂದು ಪ್ರಯೋಗ ನಡೆದುಹೋಗಿದೆ. 1937ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಭಾಯಖಳ–ಪರೇಲ್ ಕ್ಷೇತ್ರದಿಂದ ಮುಂಬಯಿ ವಿಧಾನಸಭೆಗೆ ನಿಂತರು. ಒಂದೇ ಕ್ಷೇತ್ರಕ್ಕೆ ಹಲವು ಸ್ಥಾನ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಬೇಕೆಂದರೆ ಅಷ್ಟನ್ನೂ ಒಬ್ಬರಿಗೇ ಸುರಿಯಬಹುದಿತ್ತು. ಸಂಖ್ಯೆಯಲ್ಲಿ ಕಡಿಮೆಯಿದ್ದ ಸಮುದಾಯಕ್ಕೆ ಇದು ದೊಡ್ಡ ಬಲ. ಅಂಬೇಡ್ಕರ್ ಗೆದ್ದರು. ಹದಿನೈದು ವರ್ಷಗಳ ಬಳಿಕ, ಮೊದಲ ಲೋಕಸಭಾ ಚುನಾವಣೆಯಲ್ಲಿ, ಅವರು ಮುಂಬಯಿ ಉತ್ತರದ ದ್ವಿಸದಸ್ಯ ಕ್ಷೇತ್ರದಲ್ಲಿ ನಿಂತಾಗ ನಿಯಮ ತಿರುಗಿತ್ತು: ಎರಡು ಮತ ಇಬ್ಬರು ಬೇರೆ ಬೇರೆ ಅಭ್ಯರ್ಥಿಗಳಿಗೇ ಹೋಗಬೇಕು. ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಲ್ಕರ್ ಎದುರು ಅವರು 14,561 ಮತಗಳಿಂದ ಸೋತರು. ಆ ಕ್ಷೇತ್ರದಲ್ಲಿ ಅಸಿಂಧುವಾದ ಮತಗಳು 74,333! ಎರಡೂ ಮತವನ್ನು ಒಬ್ಬರಿಗೇ ಹಾಕುವಂತೆ ಪ್ರಚಾರ ಮಾಡಿ ಮತ ಕೆಡಿಸಲಾಯಿತು ಎಂದು ಅಂಬೇಡ್ಕರ್ ಮತ್ತು ಸಮಾಜವಾದಿ ನಾಯಕ ಅಶೋಕ್ ಮೆಹತಾ ತಕರಾರು ಅರ್ಜಿ ಹಾಕಿದರು. ಅದು ವಜಾ ಆಯಿತು. ಸೋಲಿಗೆ ನಿಯಮವೊಂದೇ ಕಾರಣವೆಂದು ಹೇಳುವಂತಿಲ್ಲ, ಕಾಂಗ್ರೆಸ್ಸಿನ ಅಲೆಯೂ ಇತ್ತು. ಆದರೂ 1937ರಲ್ಲಿ ಮತದಾರನ ಹಕ್ಕಾಗಿದ್ದದ್ದು 1952ರಲ್ಲಿ ಮತವನ್ನೇ ಕೆಡಿಸುವ ತಪ್ಪಾಗಿತ್ತು.

ಇನ್ನೂ ಸೂಕ್ಷ್ಮವಾದ ವಿಧಾನವೊಂದು ನಮಗೆ ಹೊಸದೇನಲ್ಲ. ಕರ್ನಾಟಕದ ಪದವೀಧರರು, ಶಿಕ್ಷಕರು ವಿಧಾನ ಪರಿಷತ್ತಿಗೆ 1, 2, 3 ಎಂದು ಕ್ರಮ ಕೊಟ್ಟು ಹಾಕುವ ಪ್ರಾಶಸ್ತ್ಯ ಮತವೇ ಅದು. ನಾಲ್ಕು ಸ್ಥಾನಗಳ ವಾರ್ಡಿನಲ್ಲಿ ಒಂದು ಲಕ್ಷ ಸಿಂಧು ಮತ ಬಿದ್ದಿವೆ ಎನ್ನಿ. ಅದನ್ನು ಐದರಿಂದ ಭಾಗಿಸಿ ಒಂದು ಕೂಡಿಸಿದರೆ 20,001. ಐವರು ತಲಾ ಇಷ್ಟು ಪಡೆಯಲು ಸಾಧ್ಯವೇ ಇಲ್ಲ. ಹಾಗಾಗಿ ಇದು ಗೆಲುವಿನ ಕೋಟಾ. ಗೆದ್ದವರ ಹೆಚ್ಚುವರಿ ಮತ, ಹಿಂದೆ ಬಿದ್ದವರ ಮತ ಎರಡೂ ಮತದಾರನ ಮುಂದಿನ ಪ್ರಾಶಸ್ತ್ಯಕ್ಕೆ ಹರಿಯುತ್ತವೆ. 2022ರ ಜೂನ್‌ನಲ್ಲಿ ಮುಂಬಯಿಯ ವಿಧಾನ ಭವನದಲ್ಲಿ ರಾಜ್ಯಸಭೆಯ ಆರು ಸ್ಥಾನಗಳಿಗೆ ಶಾಸಕರು ಹೀಗೆಯೇ ಮತ ಹಾಕಿದರು. ಆರನೆಯ ಸ್ಥಾನದ ಪೈಪೋಟಿಯಲ್ಲಿ ಮೊದಲ ಪ್ರಾಶಸ್ತ್ಯದ ಮತ ಸಂಜಯ್ ಪವಾರ್‌ಗೆ 33, ಧನಂಜಯ ಮಹಾಡಿಕ್‌ಗೆ 27. ಎರಡನೆಯ ಪ್ರಾಶಸ್ತ್ಯಗಳು ಸೇರಿ ಗೆದ್ದವರು ಮಹಾಡಿಕ್. ತಮಗೆ ಇಂಥ ನಾಜೂಕಿನ ತಕ್ಕಡಿ ಇಟ್ಟುಕೊಂಡ ಶಾಸಕರು ಜನರಿಗೆ ಮಾತ್ರ ಒರಟು ತಕ್ಕಡಿಯೇ ಸಾಕೆಂದುಕೊಂಡಿದ್ದಾರೆ.

ಮುಂಬಯಿ ಕನ್ನಡಿಗರಿಗೂ ಇದು ಸಂಬಂಧಪಟ್ಟ ವಿಷಯ. ಮಾಹಿಮ್‌ನಲ್ಲಿ ಕರ್ನಾಟಕ ಸಂಘ, ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇವೆ. ಜನ ಮಾತ್ರ ಧಾರಾವಿಯಿಂದ ಮುಲುಂಡ್‌ವರೆಗೆ ಚದುರಿದ್ದಾರೆ. 227 ಏಕಸದಸ್ಯ ವಾರ್ಡುಗಳ ಪಾಲಿಕೆಯಲ್ಲಿ ಚದುರಿದವರ ಮತ ಚದುರಿಯೇ ಹೋಗುತ್ತದೆ. ನೆರೆಹೊರೆಯ ನಾಲ್ಕು ವಾರ್ಡುಗಳನ್ನು ಕೂಡಿಸಿ ಪ್ರಾಶಸ್ತ್ಯ ಮತ ಎಣಿಸಿದರೆ ಐದರಲ್ಲೊಂದು ಪಾಲಿರುವ ಯಾವ ಗುಂಪಿಗೂ, ಅದು ಭಾಷೆಯದಿರಲಿ, ಕೊಳೆಗೇರಿಯದಿರಲಿ, ಒಂದು ದನಿ ಸಿಕ್ಕೀತು. ಪುಣೆಯಂಥ ಕಡೆ ಬಹುಸದಸ್ಯ ವಾರ್ಡುಗಳಿವೆಯಲ್ಲ ಎನ್ನಬಹುದು. ಅಲ್ಲಿ ಒಂದೊಂದು ಸ್ಥಾನಕ್ಕೂ ಪ್ರತ್ಯೇಕ ಎಣಿಕೆ. ದೊಡ್ಡ ಪಕ್ಷ ನಾಲ್ಕನ್ನೂ ಬಾಚಿಕೊಳ್ಳಬಹುದು.

ದೋಷವಿಲ್ಲದ ಪದ್ಧತಿಯಿಲ್ಲ. ಮೂರೋ ಹೆಚ್ಚೋ ಆಯ್ಕೆಗಳಿದ್ದಾಗ ಪ್ರಾಶಸ್ತ್ಯಗಳನ್ನು ಒಟ್ಟುಗೂಡಿಸುವ ಯಾವ ವಿಧಾನವೂ ನ್ಯಾಯದ ಎಲ್ಲ ಷರತ್ತುಗಳನ್ನು ಪೂರೈಸಲಾರದೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲೇ ಗಣಿತದಿಂದ ತೋರಿಸಿದರು. ಸಂವಿಧಾನ ಸಭೆಯಲ್ಲಿ ಇಂಥ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಡವೆಂದವರೂ ಅಂಬೇಡ್ಕರರೇ. ಸಾಕ್ಷರತೆ ಸಾಲದು, ಸರ್ಕಾರ ಸ್ಥಿರವಾಗಿ ನಿಲ್ಲದು ಎಂಬುದು ಅವರ ವಾದ. ಮೊದಲ ಕಾರಣ ಇಂದಿನ ಮುಂಬಯಿಗೆ ಅಷ್ಟಾಗಿ ಒಪ್ಪದು. ಎರಡನೆಯದು ವಿಧಾನಸಭೆಗೆ ಸಲ್ಲುವ ಮಾತು, ನಲ್ಲಿ ನೀರು, ಚರಂಡಿ ನೋಡಿಕೊಳ್ಳುವ ಪಾಲಿಕೆಗಲ್ಲ.

2027ರ ಜನಗಣತಿಯ ನಂತರ ಎರಡೂ ಜಿಲ್ಲೆಗಳ ಕ್ಷೇತ್ರಗಳ ಗಡಿಗಳ ಮೇಲೆ ಮತ್ತೆ ಜಗಳ ಏಳಬಹುದು. ಪಾಲಿಕೆ ಚುನಾವಣೆಯ ನಿಯಮ ಬದಲಿಸುವ ಅಧಿಕಾರ ರಾಜ್ಯದ ಶಾಸನಸಭೆಗೇ ಇದೆ. ಮುಂಬಯಿಯ ಓದುಗರು ಮತ ಕೇಳಲು ಬಂದವರನ್ನು ಕ್ಷೇತ್ರ ಎಷ್ಟು ದೊಡ್ಡದು ಎಂದಷ್ಟೇ ಅಲ್ಲ, ಮತ ಹೇಗೆ ಎಣಿಸುತ್ತೀರಿ ಎಂದೂ ಕೇಳಲಿ.